ಪುಣಜನೂರಿನಿಂದ ಬಂದ ಇಬ್ಬರು

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ಬಸ್ಸು ತೆರಕಣಾಂಬಿ ದಾಟಿದ ಮೇಲೆ ಕಿಟಕಿಯಿಂದ ಚೆಂಡುಹೂವಿನ ವಾಸನೆ ಒಳಗೆ ಬಂತು. ದೇವರ ಮುಂದಿನ ಹಾರದ ವಾಸನೆಯಲ್ಲ. ಕಿತ್ತು, ಚೀಲಕ್ಕೆ ತುಳಿದು ತುಂಬಿ, ರಸ್ತೆಬದಿಯಲ್ಲಿ ಲಾರಿಗಾಗಿ ಕಾಯುತ್ತಿರುವ ಹೂವಿನ ಹಸಿ ಹಸಿ ಕಹಿ ವಾಸನೆ. ಈ ಹೂವು ಯಾರ ತಲೆಗೂ ಏರುವುದಿಲ್ಲ. ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಗಾಜನ್ನು ಇನ್ನೂ ಸ್ವಲ್ಪ ಸರಿಸಿದೆ. ನಾಗರತ್ನ ನೆನಪಾದರು.

ಇಲ್ಲಿಯೇ ನಿಮಗೆ ಒಂದು ಎಚ್ಚರಿಕೆ ಕೊಡಬೇಕು. ಎಲ್ಲಿಂದಲೋ ಒಂದು ವಾಸನೆ ಬಂದು, ನೆನಪನ್ನು ಕೈಹಿಡಿದು ಕರೆತಂದು ಕೂರಿಸುತ್ತದೆ ಎನ್ನುವುದು ಬರೆಯುವವರಿಗೆ ಸಿಕ್ಕಿರುವ ಹಳೆಯ ಅನುಕೂಲ. ನನಗೆ ಅದರಲ್ಲಿ ಅಷ್ಟು ನಂಬಿಕೆ ಇಲ್ಲ. ನಾಗರತ್ನ ಅವರ ಶಾಲೆಗೆ ನಾನು ಹೋದದ್ದು ಹೂವಿನ ಕಾಲದಲ್ಲೇ ಎಂದು ಪ್ರಮಾಣ ಮಾಡಿ ಹೇಳಲಾರೆ. ಹುರುಳಿ ಒಕ್ಕುವ ಕಾಲವೂ ಆಗಿದ್ದಿರಬಹುದು. ಆದರೆ ನೀವು ಜೊತೆಗೆ ಕೂತಿದ್ದೀರಿ, ಗುಂಡ್ಲುಪೇಟೆ ಬರಲು ಇನ್ನೂ ಹೊತ್ತಿದೆ, ವಾಸನೆಯೂ ಇದೆ. ನೆಪ ಎಂದೇ ಇಟ್ಟುಕೊಳ್ಳೋಣ.

ನನ್ನ ಕೆಲಸ ಮೇಷ್ಟರಿಗೆ ಪಾಠ ಮಾಡುವುದು. ಸಮಾಜ ವಿಜ್ಞಾನದ ಶಿಕ್ಷಕರನ್ನು ಒಂದು ಹಾಲಿನಲ್ಲಿ ಕೂರಿಸಿ, ಇತಿಹಾಸದ ಪಾಠದೊಳಗೆ ಹೆಂಗಸರನ್ನು ಹೇಗೆ ತರಬಹುದು ಎಂದು ಹೇಳುವುದು. ಮೊದಲು ನೌಕರಿಯಾಗಿ ಮಾಡುತ್ತಿದ್ದೆ, ನಿವೃತ್ತಿಯಾದ ಮೇಲೆ ಚಟವಾಗಿ ಮಾಡುತ್ತೇನೆ. ಊಟದ ಮೊದಲು ನನ್ನ ಮಾತನ್ನು ಅನುಮಾನದಿಂದ ಕೇಳುತ್ತಾರೆ, ಊಟದ ನಂತರ ಕಣ್ಣು ಮುಚ್ಚಿ ಕೇಳುತ್ತಾರೆ. ಅವರ ತಪ್ಪಲ್ಲ. ಜನಗಣತಿ, ಚುನಾವಣೆ, ಬಿಸಿಯೂಟ, ಮೊಟ್ಟೆ, ಎಲ್ಲದರ ಮೇಲೆ ನಾನೊಬ್ಬಳು ಹೋಗಿ ಹೆಂಗಸರ ಇತಿಹಾಸವನ್ನೂ ಹೊರಿಸಿದರೆ ಯಾರಿಗೆ ತಾನೆ ನಿದ್ದೆ ಬರುವುದಿಲ್ಲ?

ನಿದ್ದೆ ಬಿಡಿಸಲು ನನ್ನ ಬಳಿ ಒಂದು ಚಟುವಟಿಕೆ ಇತ್ತು. ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿ, "ನಿಮ್ಮ ತಾಯಿಯ ಹೆಸರು ಗೊತ್ತಿರುವವರು ಕೈ ಎತ್ತಿ" ಎನ್ನುತ್ತಿದ್ದೆ. ನಗುತ್ತ ಎತ್ತುತ್ತಿದ್ದರು. ಅಜ್ಜಿಯ ಹೆಸರು? ಕೆಲವು ಕೈಗಳು ಇಳಿಯುತ್ತಿದ್ದವು. ಮುತ್ತಜ್ಜಿಯ ಹೆಸರು? ಹೊಯ್ಸಳ ಅರಸರ ಪಟ್ಟಿಯನ್ನು ಸರಾಗವಾಗಿ ಒಪ್ಪಿಸಬಲ್ಲ ಜನ ಚಾವಣಿ ನೋಡುತ್ತಿದ್ದರು.

"ಮೇಡಂ, ಎಂಡ್ತಿ ಫೋನ್ ನಂಬರೇ ಬಾಯಿಗೆ ಬರಲ್ಲ. ಮುತ್ತಜ್ಜಿ ಹೆಸರ ಎಲ್ಲಿಂದ ತರನ?" ಎಂದು ಒಬ್ಬರು ಹೇಳಿದ್ದುಂಟು.

"ಹೆಸರು ಗೊತ್ತಿಲ್ಲ, ಹರವೆಯೋರು ಅಂತ ಗೊತ್ತು" ಎಂದು ಇನ್ನೊಬ್ಬರು.

ಈ ಎರಡನೆಯ ಉತ್ತರ ಪ್ರತಿ ತರಬೇತಿಯಲ್ಲೂ ಬರುತ್ತಿತ್ತು. ನಮ್ಮ ಕಡೆಯ ರೂಢಿಯೇ ಅದು. ಮದುವೆಯಾಗಿ ಬಂದ ಹೆಣ್ಣನ್ನು ಹೆಸರು ಹಿಡಿದು ಕರೆಯುವುದಿಲ್ಲ. ಬಿಟ್ಟುಬಂದ ಊರು ಹಿಡಿದು ಕರೆಯುತ್ತಾರೆ. ಹರವೆಯವಳು, ಉಡಿಗಾಲದವಳು. ವಯಸ್ಸಾದ ಮೇಲೆ ಗೌರವಕ್ಕೆ ಒಂದು ಅಮ್ಮ ಸೇರುತ್ತದೆ. ಅವಳು ಸತ್ತ ಮೇಲೂ ಊರು ಉಳಿಯುತ್ತದೆ, ಹೆಸರು ಅವಳ ಜೊತೆ ಹೋಗುತ್ತದೆ. ನನ್ನ ತಾಯಿಯೂ ಹರವೆಯವಳು. ನಾನು ಚಿಕ್ಕವಳಿದ್ದಾಗ ಹರವೆ ಎನ್ನುವುದೇ ಅವಳ ಹೆಸರು ಎಂದುಕೊಂಡಿದ್ದೆ, ಒಮ್ಮೆ ಬಸ್ಸಿನ ಬೋರ್ಡಿನ ಮೇಲೆ ಅದನ್ನು ಓದಿ ಅಮ್ಮನ ಹೆಸರಿನ ಬಸ್ಸು ಬಂತೆಂದು ಕುಣಿದಿದ್ದೆ. ಈ ಕಥೆಯನ್ನು ಎಷ್ಟೋ ವೇದಿಕೆಗಳಲ್ಲಿ ಹೇಳಿದ್ದೇನೆ, ಜನ ಚಪ್ಪಾಳೆ ತಟ್ಟಿದ್ದಾರೆ. ಈಗೀಗ ಅನುಮಾನ. ನಡೆದದ್ದೋ, ಚಪ್ಪಾಳೆಗಾಗಿ ಹುಟ್ಟಿದ್ದೋ ತಿಳಿಯದು. ಕೇಳಲು ಹರವೆಯವಳು ಇಲ್ಲ.

ಅಂಥದೊಂದು ತರಬೇತಿಯಲ್ಲಿ ನಾಗರತ್ನ ಹಿಂದಿನ ಸಾಲಿನಲ್ಲಿದ್ದರು. ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವವರು. ಅವರು ನಗಲಿಲ್ಲ, ನಿದ್ದೆಯನ್ನೂ ಮಾಡಲಿಲ್ಲ. ಮಧ್ಯಾಹ್ನ ಮೊಸರನ್ನದ ಡಬ್ಬಿ ಹಿಡಿದುಕೊಂಡು ನನ್ನ ಹತ್ತಿರ ಬಂದು ಕೂತರು.

"ಇದನ್ನ ಮಕ್ಕಳ ಕೈಲಿ ಮಾಡಿಸ್ಬೋದಾ ಮೇಡಂ?"

"ಅದಕ್ಕೇ ಅಲ್ಲವೆ ಹೇಳಿದ್ದು?"

"ಅಲ್ಲ, ಸುಮಾರು ತರಬೇತೀಲಿ ಹೇಳೋದು ಬರೀ ಹೇಳೋಕೆ, ಮಾಡೋಕಲ್ಲ. ಅದಕ್ಕೆ ಕೇಳಿದೆ."

ಆ ಮಾತಿಗೆ ನಾನು ನಕ್ಕೆ. ಅವರು ತಮಾಷೆ ಮಾಡಿರಲಿಲ್ಲ.

ಒಂದೆರಡು ತಿಂಗಳಿಗೆ ಫೋನು ಬಂತು. "ಒಂದ್ಸಲ ಬಂದು ನಮ್ಮ ಗೋಡೆ ನೋಡಿ ಮೇಡಂ." ಹೋದೆ. ಒಂಬತ್ತನೇ ತರಗತಿಯ ಕೋಣೆ. ಕರಿಹಲಗೆಯ ಮೇಲೆ ಸಾಲಾಗಿ ಅರಸರ ಚಿತ್ರಗಳು. ಅದರ ಎದುರಿನ ಗೋಡೆ, ಎಂದರೆ ಮೇಷ್ಟರು ಪಾಠ ಮಾಡುವಾಗ ನೋಡಲೇಬೇಕಾದ ಗೋಡೆಯ ತುಂಬ, ಮಕ್ಕಳ ಕೈಬರಹದಲ್ಲಿ ಹೆಂಗಸರ ಹೆಸರುಗಳು. ನೀಲಿ ಬಣ್ಣದ ಡಬ್ಬಿ, ಕುಂಚ, ಎಲ್ಲ ನಾಗರತ್ನ ಅವರೇ ತಂದುಕೊಟ್ಟಿದ್ದರು. ಪ್ರತಿ ಮಗುವೂ ತನ್ನ ಮನೆಯ ಹಳೆಯ ಹೆಂಗಸೊಬ್ಬಳ ಹೆಸರು, ಅವಳು ಬಿಟ್ಟುಬಂದ ಊರು, ಮಾಡಿದ ಒಂದು ಕೆಲಸ ಬರೆಯಬೇಕು. ರೇಷ್ಮೆ ನೂಲು ಬಿಚ್ಚುತ್ತಿದ್ದಳು. ಹಾವು ಕಚ್ಚಿದವರಿಗೆ ಬೇರು ಅರೆದು ಕೊಡುತ್ತಿದ್ದಳು. ಚೆನ್ನಾಗಿ ಬಯ್ಯುತ್ತಿದ್ದಳು. ಈ ಕೊನೆಯದು ನನಗೆ ಬಹಳ ಇಷ್ಟವಾಯಿತು.

"ಇವಳನ್ನ ಮಾತಾಡಿಸಿ" ಎಂದು ನಾಗರತ್ನ ಒಬ್ಬ ಹುಡುಗಿಯನ್ನು ಮುಂದೆ ತಂದರು. ಚೈತ್ರ. ಜಮೀನುಳ್ಳ ಮನೆ. ಆ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಹತ್ತನೇ ತರಗತಿಯೇ ಕೊನೆ ಎಂಬುದು ಅವಳ ದೊಡ್ಡಪ್ಪ ಗುರುಮಲ್ಲಪ್ಪನವರು ಹಾಕಿದ ಗೆರೆ. ಅವಳಿಗೆ ಮುಂದೆ ಓದಬೇಕು, ಟೀಚರಾಗಬೇಕು. ಅವಳನ್ನು ಗುಂಡ್ಲುಪೇಟೆಯ ಕಾಲೇಜಿಗೆ ಸೇರಿಸುವವರೆಗೆ ಬಿಡುವುದಿಲ್ಲ ಎಂಬುದು ನಾಗರತ್ನ ಅವರ ಹಟ. ಎರಡು ವರ್ಷದಿಂದ ಆ ಮನೆಯ ಹಬ್ಬಕ್ಕೆಲ್ಲ ಹೋಗಿ, ಕೊಟ್ಟದ್ದನ್ನು ತಿಂದು, ದೊಡ್ಡಪ್ಪನನ್ನು ಅಣ್ಣ ಎಂದು ಕರೆದು ಹದಗೊಳಿಸುತ್ತಿದ್ದರಂತೆ.

ಆ ಮನೆಯಲ್ಲಿ ಪುಣಜನೂರಮ್ಮ ಎಂಬ ಮೂಲಮಾತೆಯ ಕಥೆಯಿತ್ತು. ಕಾಡಂಚಿನ ಪುಣಜನೂರಿನಿಂದ ಸೊಸೆಯಾಗಿ ಬಂದವಳು. ಕಂಕುಳಲ್ಲಿ ಕೂಸು ಇಟ್ಟುಕೊಂಡೇ ಪೊದೆ ಕಡಿದು, ಕಲ್ಲು ಎತ್ತಿ, ಮೇಲಿನ ಹೊಲ ಮಾಡಿದವಳು. ಮೂರು ಗಂಡುಮಕ್ಕಳನ್ನು ಹೆತ್ತವಳು. ಗುರುಮಲ್ಲಪ್ಪನವರು ಶಾಲೆಯ ಸಮಾರಂಭದಲ್ಲಿ ಮೈಕು ಸಿಕ್ಕಿದರೆ ಅವಳನ್ನು ನೆನೆಯದೆ ಕೆಳಗಿಳಿಯುತ್ತಿರಲಿಲ್ಲ. ಮಕ್ಕಳಿಗೆ ಈ ಕೆಲಸ ಕೊಟ್ಟಾಗ ಮೊದಲು ಮೆಚ್ಚಿದವರೂ ಅವರೇ. "ನಮ್ ಪುಣಜನೂರಮ್ಮನ್ನ ಮೇಲ್ಗಡೆ ಬರ್ಸಿ ಮೇಡಮ್ನೋರೆ, ದೊಡ್ಡಕ್ಷರದಲ್ಲಿ."

ಚೈತ್ರ ಹೆಸರು ಕೇಳಲು ಹೋದದ್ದು ತನ್ನ ಅಜ್ಜಿಯನ್ನು. ಅಜ್ಜಿ ಆ ಪುಣಜನೂರಮ್ಮನ ಸೊಸೆ. ಮುಂದಿನದನ್ನು ಹುಡುಗಿ ಅಜ್ಜಿಯ ಧಾಟಿಯಲ್ಲೇ, ಕತ್ತು ಕೊಂಕಿಸಿ, ನನ್ನೆದುರು ಆಡಿ ತೋರಿಸಿದಳು.

"ಯಾವ ಪುಣಜನೂರಮ್ಮ ಕಣಮ್ಮಿ? ದೊಡ್ಡೋಳಾ, ಚಿಕ್ಕೋಳಾ?"

"ಎಷ್ಟು ಜನ ಇದ್ರು ಅಜ್ಜಿ?"

"ಇಬ್ರು. ಅಕ್ಕ ತಂಗೀರು. ದೊಡ್ಡೋಳು ಚೆನ್ನಾಜಮ್ಮ, ಚಿಕ್ಕೋಳು ಗೌರಮ್ಮ. ದೊಡ್ಡೋಳ್ಗೆ ಒಂದೆಣ್ಣಾಗಿ ಆಮ್ಯಾಕೆ ನಿಂತೋಯ್ತು. ಗಂಡು ಬೇಕಲ್ಲ, ತಂಗೀನೇ ತಂದ್ಕಂಡ್ರು. ಮೇಲಿನ್ ಒಲ ಮಾಡ್ದೋಳು ದೊಡ್ಡೋಳು. ಬಾಣಂತನದ ಮ್ಯಾಲೆ ಬಾಣಂತನ ಮಾಡಿಸ್ಕಂಡೋಳು ಚಿಕ್ಕೋಳು. ಇಬ್ರೂ ಪುಣಜನೂರೋರೇ ಅಲ್ವಾ, ಈಗ ಒಬ್ಳೇ ಎಲ್ಲಾನೂ ಮಾಡುದ್ಲು ಅಂತಾರೆ. ಒಬ್ಳ ಕೈಲಿ ಅಷ್ಟೆಲ್ಲ ಆದದಾ? ಏಳನಾ ಅಂದ್ರೆ ಯಾರು ಕೇಳುದ್ರು ಬುಡು."

ಒಂದೇ ಊರಿನಿಂದ ಬಂದ ಇಬ್ಬರಿಗೂ ಮನೆ ಒಂದೇ ಹೆಸರು ಕೊಟ್ಟಿತು. ಇಬ್ಬರೂ ಹೋದ ಮೇಲೆ ಒಂದೇ ಹೆಸರಿನೊಳಗೆ ಇಬ್ಬರನ್ನೂ ಸೇರಿಸಿ ಒಬ್ಬಳನ್ನು ಮಾಡಿಕೊಂಡಿತು. ಅಕ್ಕನ ರಟ್ಟೆ, ತಂಗಿಯ ಬಸಿರು. ಅಂಥವಳನ್ನು ನೆನೆದು ಕೈಮುಗಿಯುವುದು ಸುಲಭ. ಹೀಗೆ ಸೇರಿಸುವಾಗ ಅಕ್ಕನ ಮಗಳೊಬ್ಬಳು ಹೊರಗೆ ಬಿದ್ದುಹೋದಳು.

ಚೈತ್ರ ಗೋಡೆಯ ಮೇಲೆ ಬರೆದದ್ದು ಹೀಗೆ: ಪುಣಜನೂರಿನ ಚೆನ್ನಾಜಮ್ಮ, ಹೊಲ ಮಾಡಿದಳು. ಪುಣಜನೂರಿನ ಗೌರಮ್ಮ, ನಮ್ಮನ್ನೆಲ್ಲ ಹೆತ್ತಳು. ಚೆನ್ನಾಜಮ್ಮನ ಮಗಳು ಮಾದೇವಿ, ಉಡಿಗಾಲಕ್ಕೆ ಕೊಟ್ಟರು.

ನಾನು ಬೆನ್ನು ತಟ್ಟಿದೆ ಎಂದು ನೆನಪು. ಅವಳ ರಿಬ್ಬನ್ನು ಕೆಂಪಗಿತ್ತು ಎಂದೂ ನೆನಪಿದೆ, ಆದರೆ ಶಾಲೆಗಳಲ್ಲಿ ಎಲ್ಲ ಹುಡುಗಿಯರ ರಿಬ್ಬನ್ನೂ ಕೆಂಪಗೇ ಇರುತ್ತದೆ. ಆ ಬಣ್ಣವನ್ನು ನಂಬಬೇಡಿ. ಗೋಡೆಯನ್ನು ನಂಬಿ.

ಆ ಗೋಡೆಯ ಫೋಟೊವನ್ನು ಯಾರೋ ತೆಗೆದು ಹಂಚಿದರು. ಅದು ಫೋನಿನಿಂದ ಫೋನಿಗೆ ಹಾರಿ ಉಡಿಗಾಲ ತಲುಪಿತು. ಅಲ್ಲಿಂದ ಮಾದೇವಿಯ ಮೊಮ್ಮಗನೊಬ್ಬ ಗುರುಮಲ್ಲಪ್ಪನವರಿಗೆ ಫೋನು ಮಾಡಿ, "ಮಾವ, ನಮ್ಮಜ್ಜಿ ಎಸ್ರು ನಿಮ್ ಇಸ್ಕೂಲ್ ಗೋಡೇಲದಂತಲ್ಲ! ನಾವೂ ನಿಮ್ಮನೆಯೋರೇ ಅನ್ನಿ" ಎಂದು ಖುಷಿಯಾಗಿ ನಕ್ಕನಂತೆ. ಅಷ್ಟೇ. ಆಗ ಆ ಮನೆಯಲ್ಲಿ ಅಣ್ಣತಮ್ಮಂದಿರ ನಡುವೆ ಮೇಲಿನ ಹೊಲ ಪಾಲಾಗುವುದರಲ್ಲಿತ್ತು.

ಗುರುಮಲ್ಲಪ್ಪನವರು ಶಾಲೆಗೆ ಬಂದ ದಿನವೂ ನಾನು ಅಲ್ಲಿದ್ದೆ. ಗೋಡೆ ನೋಡಿದ್ದಕ್ಕೂ ಇದಕ್ಕೂ ನಡುವೆ ಒಂದು ವಾರವೋ ಹದಿನೈದು ದಿನವೋ ಇರಬೇಕು. ನನ್ನ ತಲೆಯಲ್ಲಿ ಎರಡೂ ಒಂದೇ ದಿನ ನಡೆಯುತ್ತವೆ. ಇದೂ ಪುಣಜನೂರಮ್ಮನ ಹಾಗೆಯೇ. ಗುರುಮಲ್ಲಪ್ಪನವರು ಕೂಗಾಡಲಿಲ್ಲ. ನನಗೂ ಒಂದು ಎಳನೀರು ತಂದಿದ್ದರು. ಕುಡಿದು ಮುಗಿಯುವವರೆಗೆ ಕಾದರು.

"ಮಕ್ಳಿಗೆ ಇತಿಹಾಸ ಏಳ್ಕೊಡಿ ಮೇಡಮ್ನೋರೆ, ಬ್ಯಾಡ ಅನ್ನಕಿಲ್ಲ. ರಾಜ್ರಿಗೆ ಎಷ್ಟು ಜನ ಎಂಡ್ರು ಅಂತ ಬೇಕಾದ್ರೂ ಕೇಳಿ, ಕಲ್ತ್ಕಳ್ಳಲಿ. ನಮ್ ತಾತಂಗೆ ಎಷ್ಟು ಜನ ಅಂತ ಯಾಕೆ?"

"ಹೆಸರು ತಾನೆ ಅಣ್ಣ?" ಎಂದರು ನಾಗರತ್ನ. "ನಿಮ್ಮ ಮನೆಗೆ ದುಡಿದವರ ಹೆಸರು."

"ಎಸ್ರು ಅಂದ್ರೆ ಪಾಲು ಕಣಮ್ಮ. ನಿಮಗೆ ಗೊತ್ತಾಗಕಿಲ್ಲ. ಎಣ್ಮಕ್ಳ ಎಸ್ರು ಗೋಡೆ ಮೇಲ್ ಬಂದ್ರೆ ನಾಳೆ ತಾಲ್ಲೂಕಾಪೀಸಿಗೆ ಬತ್ತದೆ."

ಕಾನೂನು ಏನು ಹೇಳುತ್ತದೋ ನನಗೆ ಗೊತ್ತಿಲ್ಲ. ಅಷ್ಟು ಹಳೆಯ ಹೆಣ್ಣಿನ ಸಂತತಿಗೆ ಪಾಲು ಬರುತ್ತದೋ ಇಲ್ಲವೋ, ಅವರಿಗೂ ಗೊತ್ತಿರಲಿಲ್ಲ. ಉಡಿಗಾಲದವರು ಕೇಳಿಯೂ ಇರಲಿಲ್ಲ. ಹೆದರಿಕೆಗೆ ಅಷ್ಟೆಲ್ಲ ವಿವರ ಬೇಕಾಗುವುದಿಲ್ಲ.

ನಾನು ಮಧ್ಯೆ ಬಾಯಿ ಹಾಕಿ, ಇದು ಪಠ್ಯದ ಆಶಯಕ್ಕೆ ತಕ್ಕ ಚಟುವಟಿಕೆ ಎಂದೇನೋ ಹೇಳಿದೆ. ಅವರು ಗೌರವದಿಂದ ಕೇಳಿಸಿಕೊಂಡು, ನನ್ನನ್ನು ಬಿಟ್ಟು ನಾಗರತ್ನ ಅವರ ಕಡೆ ತಿರುಗಿದರು.

"ಚೈತ್ರ ನಾಳಿಂದ ಬರಕಿಲ್ಲ. ಅವರವ್ವಂಗೆ ಉಸಾರಿಲ್ಲ."

ಅವರವ್ವ ಆ ಹೊತ್ತಿಗೆ ಕಳೆ ಕೀಳುತ್ತಿದ್ದುದು ಶಾಲೆಯ ಕಿಟಕಿಯಿಂದಲೇ ಕಾಣುತ್ತಿತ್ತು.

ಮುಂದೆ ನಡೆದದ್ದಕ್ಕೆ ನಾನು ಸಾಕ್ಷಿಯಲ್ಲ. ಚೈತ್ರ ಬರಲಿಲ್ಲ. ಅವಳ ಅಪ್ಪ ಅಣ್ಣನ ಮುಂದೆ ಬಾಯಿ ಬಿಡುವವನಲ್ಲ. ಪರೀಕ್ಷೆ ಹತ್ತಿರವಾಯಿತು. ನಾಗರತ್ನ ಆ ಮನೆಗೆ ಹೋಗಿ ಜಗಲಿಯ ಮೇಲೆ ಕೂತು, ಈ ಸಲ ಏನನ್ನೂ ತಿನ್ನದೆ, ಮಾತು ಮುಗಿಸಿಕೊಂಡು ಬಂದರು. ದೊಡ್ಡಪ್ಪನ ಕರಾರು ಇದು: ಗೋಡೆಯ ಮೇಲಿನ ಆ ಮನೆಯ ಹೆಸರುಗಳಿಗೆ ಸುಣ್ಣ ಹೊಡೆಯಬೇಕು. ಹುಡುಗಿ ತರಗತಿಯ ಎದುರು ನಿಂತು ತಾನು ಬರೆದದ್ದು ತಪ್ಪು ಎನ್ನಬೇಕು. ಹಾಗಾದರೆ ಹತ್ತನೇ ತರಗತಿ ಮುಗಿಸಬಹುದು. ಸುಮ್ಮನೆ ಇದ್ದರೆ ಕಾಲೇಜಿನ ಮಾತನ್ನೂ ಆಮೇಲೆ ನೋಡೋಣ.

"ಒಂದು ಮನೆಯವರ ಹೆಸರಿಗೆ ಮಾತ್ರ ಸುಣ್ಣ ಹೊಡೆದರೆ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತೆ ಅಂತ ಇಡೀ ಗೋಡೆಗೆ ಹೊಡೆದುಬಿಟ್ಟೆ ಮೇಡಂ" ಎಂದು ನಾಗರತ್ನ ಫೋನಿನಲ್ಲಿ ಹೇಳಿದರು. ಚೆನ್ನಾಗಿ ಬಯ್ಯುತ್ತಿದ್ದವಳೂ ಹೋದಳು.

ಚೈತ್ರ ತರಗತಿಯ ಎದುರು ನಿಂತದ್ದರ ಬಗ್ಗೆ ನನ್ನ ಬಳಿ ಮೂರು ಕಥೆಗಳಿವೆ. ನಾಗರತ್ನ ಹೇಳಿದ್ದು: ಗಟ್ಟಿಯಾಗಿ, ಪದ್ಯ ಒಪ್ಪಿಸುವಂತೆ ಹೇಳಿ ಕೂತಳು. ಅಲ್ಲಿನ ಕನ್ನಡ ಮೇಷ್ಟರು ಹೇಳಿದ್ದು: ಅರ್ಧಕ್ಕೆ ನಿಲ್ಲಿಸಿ ಅತ್ತಳು, ಉಳಿದರ್ಧವನ್ನು ನಾಗರತ್ನ ಅವರೇ ಹೇಳಿದರು. ಮೂರನೆಯದು ನಾನೇ ಕಟ್ಟಿಕೊಂಡದ್ದು. ಅದರಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಕೂತಿರುತ್ತೇನೆ, ಹುಡುಗಿ ಹೊಸ ಸುಣ್ಣದ ಗೋಡೆಯನ್ನೇ ನೋಡುತ್ತ ಮಾತನಾಡುತ್ತಾಳೆ, ಸುಣ್ಣದಡಿಯಿಂದ ನೀಲಿ ಅಕ್ಷರಗಳು ಮಸುಕಾಗಿ ಕಾಣುತ್ತವೆ. ಎಷ್ಟು ಅಚ್ಚುಕಟ್ಟಾಗಿದೆ ನೋಡಿ. ಅದಕ್ಕೇ ಅದು ಸುಳ್ಳು. ನಾಗರತ್ನ ಎರಡು ಕೈ ಬಳಿಸಿದ್ದರು. ಏನೂ ಕಾಣುತ್ತಿರಲಿಲ್ಲ.

ಚಾಮರಾಜನಗರದಲ್ಲಿ ಆ ವರ್ಷ ತರಬೇತಿಯ ಕೈಪಿಡಿ ಅಚ್ಚಾಯಿತು. ಅದರಲ್ಲಿ ಆ ಗೋಡೆಯ ಫೋಟೊ ಇದೆ, ಯಶಸ್ವಿ ಚಟುವಟಿಕೆ ಎಂಬ ಶೀರ್ಷಿಕೆಯ ಕೆಳಗೆ. ಬೇಡ ಎಂದೆ. ಒಂದು ಹೆಸರೂ ಓದಲು ಬರುವುದಿಲ್ಲ, ಬಿಡಿ ಮೇಡಂ, ಎಂದರು ಅಚ್ಚು ಮಾಡಿಸುವವರು. ನಿಜ. ಫೋಟೊದಲ್ಲಿ ಗೋಡೆಯ ಮೇಲೆ ನೀಲಿ ಇರುವೆಗಳು ಹರಿದಂತೆ ಕಾಣುತ್ತದೆ. ನಾಗರತ್ನ ಮಾರನೆಯ ವರ್ಷ ವರ್ಗ ಮಾಡಿಸಿಕೊಂಡು ಹೋದರು. ಹಬ್ಬಕ್ಕೆ ಶುಭಾಶಯ ಕಳಿಸುತ್ತಾರೆ. ದೀಪದ ಚಿತ್ರ, ಮಾತಿಲ್ಲ.

ಇಷ್ಟು ಹೇಳುವಷ್ಟರಲ್ಲಿ ಬಸ್ಸು ಗುಂಡ್ಲುಪೇಟೆಯ ನಿಲ್ದಾಣದೊಳಗೆ ತಿರುಗಿತು. ಅಲ್ಲಿ ಕನ್ನಡ, ತಮಿಳು, ಮಲಯಾಳಂ ಮೂರರಲ್ಲೂ ಒಟ್ಟಿಗೆ ಕೂಗುತ್ತಾರೆ, ಊಟಿಯ ಬಸ್ಸೋ ಕೇರಳದ ಬತ್ತೇರಿಯ ಬಸ್ಸೋ ತಿಳಿಯುವುದಿಲ್ಲ. ನಾನು ಇಳಿದು ತರಬೇತಿಯ ಹಾಲಿಗೆ ನಡೆದೆ. ಈ ಸಲ ಹೊಸದಾಗಿ ಸೇರಿದ ಅತಿಥಿ ಶಿಕ್ಷಕರಿಗೆ. ನಿಮಗೆ ವಿಚಿತ್ರ ಎನ್ನಿಸಬಹುದು, ನನ್ನ ಚೀಲದಲ್ಲಿ ಮೊದಲ ಚಟುವಟಿಕೆ ಅದೇ ಇತ್ತು. ಒಂದು ಮನೆಯಲ್ಲಿ ಹಾಗಾಯಿತೆಂದು ಎಲ್ಲ ಮನೆಗಳನ್ನೂ ಬಿಡುವುದೆ, ಎಂಬ ವಾದವನ್ನು ಇಷ್ಟು ವರ್ಷ ಚೆನ್ನಾಗಿಯೇ ಸಾಕಿಕೊಂಡು ಬಂದಿದ್ದೆ.

ಹಾಲಿನ ಬಾಗಿಲಲ್ಲಿ ಒಬ್ಬ ಯುವತಿ ಎದುರು ನಿಂತಳು. ಇಸ್ತ್ರಿ ಮಾಡಿದ ಸೀರೆ, ಹೆಗಲಿಗೆ ಚೀಲ.

"ಗುರುತು ಸಿಕ್ಕಿತಾ ಮೇಡಂ? ಚೈತ್ರ."

ಸಿಕ್ಕಿರಲಿಲ್ಲ. ಸಿಕ್ಕಿತು ಎಂದೆ. ಕಾಲೇಜು ಮುಗಿಸಿ, ಬಿ.ಎಡ್. ಮಾಡಿ, ಪಕ್ಕದ ಹೋಬಳಿಯ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದಾಳೆ. ಸಮಾಜ ವಿಜ್ಞಾನ. ನೋಡಿ, ಗೆದ್ದಳಲ್ಲ, ಎಂದುಕೊಂಡೆ. ಅಷ್ಟರಲ್ಲಿ ಅವಳು ಸ್ವಲ್ಪ ಬದಿಗೆ ಕರೆದಳು.

"ಅದನ್ನ ಇವತ್ತು ಮಾಡಿಸ್ತೀರಾ ಮೇಡಂ? ಮುತ್ತಜ್ಜಿ ಹೆಸರು?"

"ಮಾಡಿಸಬೇಕು ಅಂತಲೇ ಬಂದೆ. ಯಾಕಮ್ಮ?"

"ಬೇಡ ಮೇಡಂ."

"ನೀನೇ ಹೀಗೆ ಹೇಳಿದರೆ ಹೇಗೆ?"

"ನಾನಲ್ದೆ ಇನ್ಯಾರು ಹೇಳ್ಬೇಕು?" ಅವಳ ದನಿ ಏರಲಿಲ್ಲ. "ನೀವು ಹೇಳ್ಬುಟ್ಟು ಬಸ್ ಹತ್ತುತೀರ. ಇವ್ರು ಹೋಗಿ ಮಕ್ಕಳಿಗೆ ಹೇಳ್ತಾರೆ. ಮಕ್ಕಳು ಮನೆಗೆ ಹೋಗಿ ಕೇಳ್ತವೆ. ಮನೇಲಿ ಏನಾಗುತ್ತೆ ಅಂತ ಯಾವ ಕೈಪಿಡೀಲೂ ಬರ್ದಿಲ್ಲ. ನನ್ನ ಕ್ಲಾಸಲ್ಲಿರೋ ಹೆಣ್ಮಕ್ಕಳು ಮೊದ್ಲು ಹತ್ತನೇದು ಪಾಸಾಗ್ಲಿ ಮೇಡಂ. ಅವರನ್ನ ಮನೇಲಿ ಕೂರಿಸೋಕೆ ನಾನೇ ಯಾಕೆ ಒಂದು ನೆಪ ಕೊಡ್ಲಿ?"

"ನಾಗರತ್ನ ಮೇಡಂ ಇದಕ್ಕೆ ಒಪ್ಪುತ್ತಾರಾ?"

"ಗೋಡೆಗೆ ಸುಣ್ಣ ಹೊಡೆದೋರು ಅವರೇ ಅಲ್ವಾ? ನನ್ನನ್ನ ಓದಿಸಿದ್ದು ಆ ಸುಣ್ಣ."

ನಾನು ಕೇಳಬಾರದಾಗಿತ್ತು. ಕೇಳಿದೆ. "ಅಜ್ಜಿ?"

"ಹೋದ ವರ್ಷ ಹೋದ್ರು. ನಾನು ತರಗತೀಲಿ ಹಾಗೆ ಹೇಳಿದ ದಿನದಿಂದ ಹಳೇದೇನೂ ಮಾತಾಡ್ತಿರ್ಲಿಲ್ಲ. ನಾನು ಕೇಳಿದ್ರೂ 'ನಂಗೇನು ಗೊತ್ತು ಬುಡಮ್ಮಿ, ಮರ್ತೋಯ್ತು' ಅಂತಿದ್ರು." ಚೀಲದ ಪಟ್ಟಿಯನ್ನು ಸರಿಮಾಡಿಕೊಂಡಳು. "ಒಳಗೆ ಎಲ್ಲ ಕಾಯ್ತಿದಾರೆ ಮೇಡಂ. ಹೋಗನ."

ಒಳಗೆ ಹೋದೆ. ಹಾಲಿನ ತುಂಬ ಎಳೆಯ ಮುಖಗಳು, ಇನ್ನೂ ನಿದ್ದೆ ಕಲಿತಿಲ್ಲದವರು. ಚೈತ್ರ ಮೂರನೆಯ ಸಾಲಿನಲ್ಲಿ ಕೂತು ಪೆನ್ನಿನ ಮುಚ್ಚಳ ತೆಗೆದಳು. ಅವಳಿಗೆ ಹೇಳಬೇಕಾದ ಉತ್ತರ ನನ್ನಲ್ಲಿ ಇದ್ದಿರಬೇಕು, ಇಷ್ಟು ವರ್ಷ ಎಷ್ಟು ಜನರಿಗೆ ಹೇಳಿದ್ದೆ. ಚೀಲದಲ್ಲಿದ್ದ ಚಟುವಟಿಕೆಯನ್ನು ಚೀಲದಲ್ಲೇ ಬಿಟ್ಟೆ. ಯಾರನ್ನೂ ಎದ್ದು ನಿಲ್ಲಿಸಲಿಲ್ಲ. ಪಠ್ಯಪುಸ್ತಕ ತೆಗೆಯಿರಿ ಎಂದೆ. ಅದರಲ್ಲಿ ಕೋಟೆ ಉಳಿಸಿದ ರಾಣಿಯೊಬ್ಬಳ ಪಾಠವಿದೆ. ಯಾವ ಮನೆಗೂ ಹೋಗಿ ಕೇಳಬೇಕಾಗಿಲ್ಲ, ಪಾಲಿಗೆ ಬರುವವರು ಯಾರೂ ಉಳಿದಿಲ್ಲ. ಅವಳ ಕುದುರೆ, ಅವಳ ಕತ್ತಿ, ಅವಳ ಧೈರ್ಯ, ಎಲ್ಲವನ್ನೂ ವಿವರಿಸಿದೆ. ಯಾರೂ ಅಲ್ಲಾಡಲಿಲ್ಲ. ಚೈತ್ರ ತಲೆ ಎತ್ತದೆ ಬರೆದುಕೊಳ್ಳುತ್ತಿದ್ದಳು. ಬಹಳ ವರ್ಷಗಳ ಮೇಲೆ ಅಂದು ನಾನು ತುಂಬ ಚೆನ್ನಾಗಿ ಪಾಠ ಮಾಡಿದೆ.